ಮೊಣಕಾಲಲ್ಲಿ ಸ್ಟೀಲು, ಕೊರಳಲ್ಲಿ ತಾಳಿ: ಅವ್ವನನ್ನು ವಿಮಾನ, ಹಡಗು ಹತ್ತಿಸಬೇಕು

ಮಾನ್ವಿ ಟೀಚರ್:

ನಮಸ್ಕಾರ ರೀ ಎಲ್ಲರಿಗೂ. ಮುಂದಿನ ತಿಂಗಳು ನಾನು, ಅವ್ವ ಹೈದರಾಬಾದಿನಿಂದ ಮುಂಬೈಗೆ ವಿಮಾನದಲ್ಲಿ ಹೊರಟಿದ್ದೇವೆ. ಅಲ್ಲಿಂದ ಕ್ರೂಸ್ ಹಡಗಿನಲ್ಲಿ ಗೋವಾಕ್ಕೆ ಹೋಗಿ ಬರುವುದು. ತಮ್ಮ ಟಿಕೆಟ್ ಮಾಡಿಸಿ ಕೊಟ್ಟ, ಅವನು ಬರುತ್ತಿಲ್ಲ. ಅಪ್ಪ ಹೊಲ ಬಿಟ್ಟು ಎಲ್ಲೂ ಬರುವ ಆಸಾಮಿಯಲ್ಲ. ನಾನೂ ವಿಮಾನ ಹತ್ತಿದವಳಲ್ಲ.

ಅವ್ವನಿಗೆ 68. ಹೋದ ವರ್ಷ ಎರಡೂ ಮೊಣಕಾಲು ಬದಲಿಸಿದ್ದಾರೆ. ಒಳಗೆ ಕೂರಿಸಿದ್ದಕ್ಕೆ ಡಾಕ್ಟರು ಏನೋ ಹೆಸರು ಹೇಳಿದ್ದರು, ಅವ್ವ ಅದನ್ನು ಸ್ಟೀಲು ಅನ್ನುತ್ತಾಳೆ. ಓಣಿಯಲ್ಲಿ ಯಾರೋ "ಮಶೀನು ಕೂಗಿದರೆ ತಾಳಿ, ಕಾಲುಂಗುರ ಎಲ್ಲಾ ಬಿಚ್ಚಿಸ್ತಾರೆ" ಎಂದು ತಲೆಗೆ ತುಂಬಿದ್ದಾರೆ. ಅವತ್ತಿನಿಂದ "ನಾ ಬರಲ್ಲ, ತಾಳಿ ಬಿಚ್ಚಲ್ಲ" ಎಂದು ಕೂತಿದ್ದಾಳೆ. ನಿಜವೇನು? ಬುತ್ತಿ, ಎಲೆ ಅಡಕೆ ಸಂಚಿ ಒಯ್ಯಬಹುದಾ?

ಬಳ್ಳಾರಿ ಬಿಸಿಲು:

ಟೀಚರಮ್ಮ, ಮೊದಲು ಅವ್ವನಿಗೆ ಹೇಳಿ, ಲೋಹ ಇದ್ದರೆ ಮಶೀನು ಕೂಗುತ್ತದೆ. ಅದು ತಪ್ಪಲ್ಲ. ನನ್ನ ಅಪ್ಪನ ಕಥೆ ಕೇಳಿ.

ನಾಲ್ಕು ವರ್ಷದ ಹಿಂದೆ ಅಪ್ಪನನ್ನು ಮೊದಲ ಸಲ ವಿಮಾನಕ್ಕೆ ಕರೆದೊಯ್ದೆ. ಮೊಬೈಲು, ಬೆಲ್ಟು, ಚಿಲ್ಲರೆ ಎಲ್ಲಾ ಟ್ರೇಗೆ ಹಾಕಿಸಿದ್ದೆ. ಬಾಗಿಲಿನಂಥ ಚೌಕಟ್ಟು ದಾಟಿದ ಕೂಡಲೇ ಟುಂಯ್. ಭದ್ರತೆಯ ಜವಾನ ಕೈಮಶೀನು ಹಿಡಿದು ಸೊಂಟದ ಹತ್ತಿರ ಬಂದರೆ ಮತ್ತೆ ಟುಂಯ್. ಅಪ್ಪ ಏನೂ ಮಾತಾಡಲಿಲ್ಲ. ಅಷ್ಟು ಜನರ ಮುಂದೆ ಅಂಗಿ ಎತ್ತಿ ಬೆಳ್ಳಿ ಉಡಿದಾರ ತೋರಿಸಿಬಿಟ್ಟ! ಜವಾನನಿಗೆ ತೆಲುಗು ಬರುತ್ತಿತ್ತು. ನಮ್ಮಪ್ಪನಿಗೂ ಬರುತ್ತದೆ, ಬಳ್ಳಾರಿಯಲ್ಲವಾ. ಇಬ್ಬರೂ ನಕ್ಕರು, ಮುಗಿಯಿತು. ನನಗೆ ಮಾತ್ರ ಮಾನ ಹೋಯಿತು.

ಹೈದರಾಬಾದಿನಲ್ಲಿ ತಪಾಸಣೆ ಮಾಡುವುದು ಕೇಂದ್ರ ಸರ್ಕಾರದ ಭದ್ರತಾ ಪಡೆ ಸಿಐಎಸ್‌ಎಫ್‌ನವರು. ಹೆಂಗಸರಿಗೆ ಬೇರೆ ಸಾಲು, ಪರದೆ ಹಾಕಿದ ಜಾಗ, ತಪಾಸಣೆಗೆ ಹೆಂಗಸೇ ಇರುತ್ತಾಳೆ. ಕೈಮಶೀನು ಆಡಿಸಿ, ಕೂಗಿದಲ್ಲಿ ಕೈಯಿಂದ ಮುಟ್ಟಿ ನೋಡುತ್ತಾಳೆ. ನಮ್ಮ ಮನೆಯ ಹೆಂಗಸರಿಗಂತೂ ಒಂದು ಸಲವೂ ತಾಳಿ ಬಿಚ್ಚಿಸಿಲ್ಲ. ಮೊಣಕಾಲಿನ ವಿಷಯ ಮಶೀನು ಕೂಗುವ ಮೊದಲೇ ಹೇಳಿ, ಕೂಗಿದ ಮೇಲಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಕೈಚೀಲದಲ್ಲಿರಲಿ. ವೀಲ್‌ಚೇರ್ ಬೇಕಾದರೆ ವಿಮಾನ ಕಂಪನಿಗೆ ಈಗಲೇ ಫೋನ್ ಮಾಡಿ. ಟಿಕೆಟ್ಟಿನಲ್ಲಿರುವ ಹೆಸರು ಆಧಾರಿನ ಹೆಸರಿಗೆ ಸರಿಹೊಂದುತ್ತಾ ಇವತ್ತೇ ನೋಡಿ.

ಇನ್ನು ಬುತ್ತಿ. ಕಡಕ್ ರೊಟ್ಟಿಗೆ ಯಾರ ತಕರಾರೂ ಇಲ್ಲ. ಶೇಂಗಾ ಚಟ್ನಿಪುಡಿ, ಮೆಣಸಿನಕಾಯಿ ಉಪ್ಪಿನಕಾಯಿ ಕೌಂಟರಿನಲ್ಲಿ ಕೊಡುವ ಲಗೇಜಿಗೆ ಹಾಕಿ, ಕೈಚೀಲಕ್ಕೆ ಬೇಡ. ಒಣ ಕೊಬ್ಬರಿ ಮಾತ್ರ ಮನೆಯಲ್ಲೇ ಬಿಡಿ. ಅಪ್ಪ ಮೊಮ್ಮಗಳಿಗೆಂದು ಕಟ್ಟಿಕೊಂಡಿದ್ದ ಎಂಟು ಕೊಬ್ಬರಿ ಬಟ್ಟಲು ಅಲ್ಲೇ ಹೋದವು. ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಎಂದು ಅಪಾಯದ ಸರಕಿನ ಪಟ್ಟಿಯಲ್ಲಿ ಇಟ್ಟಿದ್ದಾರೆ. ಉಡಿದಾರಕ್ಕೆ ನಕ್ಕ ಅಪ್ಪ ಕೊಬ್ಬರಿಗೆ ಮುಂಬೈ ಮುಟ್ಟುವ ತನಕ ಬೈದ.

ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ. ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕಬಾರದು. ಕೆಳಗಿನ ಸರಕಿನ ಕೋಣೆಯಲ್ಲಿ ಅದು ಹೊತ್ತಿದರೆ ನಂದಿಸಲು ಕೈಗೆ ಸಿಗುವುದಿಲ್ಲ. ಲೈಟರ್, ಬೆಂಕಿಪೊಟ್ಟಣ ಎಲ್ಲಿಯೂ ಬೇಡ. ಅವ್ವನ ಅಡಕೊತ್ತು ಲಗೇಜಿಗೆ.

ಮತ್ತೊಂದು, ರಾಯಚೂರು ಕಡೆಯಿಂದ ಮಹಬೂಬ್‌ನಗರದ ಮೇಲೆ ಬಂದರೆ ಹೈದರಾಬಾದಿಗಿಂತ ಮೊದಲೇ ಶಂಶಾಬಾದ್ ಸಿಗುತ್ತದೆ, ಏರ್‌ಪೋರ್ಟ್ ಇರುವುದು ಅಲ್ಲೇ. ಊರೊಳಗೆ ಹೋಗಿ ಸುಮ್ನೆ ತಿರುಗಿ ಬರಬೇಡಿ.

ಕೊಪ್ಪಳದವ:

ಆರು ವರ್ಷ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ದುಡಿದಿದ್ದೇನೆ. ಹಡಗಿನದು ನನಗೆ ಬಿಡಿ.

ಬಂದರಿನಲ್ಲೂ ಬ್ಯಾಗು ಎಕ್ಸ್‌ರೇಗೆ ಹೋಗುತ್ತದೆ. 2004ರ ಜುಲೈನಿಂದ ಹಡಗು, ಬಂದರುಗಳಿಗೆ ಅಂತರರಾಷ್ಟ್ರೀಯ ಭದ್ರತಾ ನಿಯಮ ಬಂದಿದೆ. ನಿಮ್ಮ ಫೋಟೋ ತೆಗೆದು ಒಂದು ಕಾರ್ಡು ಕೊಡುತ್ತಾರೆ. ಇಳಿದರೂ ಹತ್ತಿದರೂ ಅದನ್ನು ತೋರಿಸಬೇಕು, ಮುಖ ಪರದೆಯ ಮೇಲೆ ಬರುತ್ತದೆ. ಯಾರು ಒಳಗೆ, ಯಾರು ಹೊರಗೆ ಎನ್ನುವ ಲೆಕ್ಕ ಅದರಿಂದಲೇ. ಅವ್ವನ ಕಾರ್ಡಿಗೆ ದಾರ ಹಾಕಿ ಕೊರಳಿಗೆ ಕಟ್ಟಿ.

ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಊದುಬತ್ತಿ ಬೇಡ. ಸಮುದ್ರದ ನಡುವೆ ನಮಗಿರುವ ದೊಡ್ಡ ಭಯ ನೀರಲ್ಲ, ಬೆಂಕಿ. ಮನೆಯಲ್ಲಿ ಮಾಡಿದ ಅಡುಗೆಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ರೊಟ್ಟಿ ಮುಂಬೈಯಲ್ಲೇ ಖಾಲಿ ಮಾಡಿ. ಅಡಕೊತ್ತನ್ನು ಹಡಗಿನವರು ತೆಗೆದಿಟ್ಟುಕೊಂಡು ನೀವು ಇಳಿಯುವಾಗ ವಾಪಸ್ ಕೊಡಬಹುದು. ಎಲೆ ಅಡಕೆ ಹಾಕಿ ಡೆಕ್ಕಿನಿಂದ ಉಗುಳಿದರೆ ಮಾತ್ರ ಕಷ್ಟ, ಗಾಳಿಗೆ ತಿರುಗಿ ನಮ್ಮ ಮೇಲೇ ಬರುತ್ತದೆ!

ಹಡಗು ಹೊರಡುವ ಹೊತ್ತಿಗೆ ಡ್ರಿಲ್ ಇರುತ್ತದೆ, ಅಪಾಯ ಬಂದರೆ ಎಲ್ಲಿ ಸೇರಬೇಕು ಎಂದು ತೋರಿಸುವ ಅಭ್ಯಾಸ. ತಪ್ಪಿಸಬೇಡಿ ಅಕ್ಕಾ. 2012ರ ಜನವರಿ 13ರ ರಾತ್ರಿ ಇಟಲಿಯ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ತಾಗಿ 32 ಜನ ಸತ್ತರು. ಅವತ್ತೇ ಹತ್ತಿದ್ದ ನೂರಾರು ಜನರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2015ರಿಂದ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಲೇಬೇಕು. ಏಳು ಸಲ ಗಿಡ್ಡ, ಒಂದು ಸಲ ಉದ್ದ ಸೈರನ್ ಬಂದರೆ ನೀವು ಸೇರುವ ಜಾಗಕ್ಕೆ ಹೋಗಬೇಕು. ಕೋಣೆಯಿಂದ ಆ ಜಾಗಕ್ಕೆ ಅವ್ವನನ್ನು ಒಮ್ಮೆ ಮೆಟ್ಟಿಲ ಮೇಲೇ ನಡೆಸಿ ನೋಡಿ. ಬೆಂಕಿ ಬಿದ್ದಾಗ ಲಿಫ್ಟ್ ನಂಬುವಂತಿಲ್ಲ.

ಸುಮ್ನೆ ಓದುವವ:

ಇಷ್ಟೆಲ್ಲಾ ರಗಳೆ ಯಾಕೆ? ಹಂಪಿಗೆ ಹೋಗಿ ತೆಪ್ಪ ಹತ್ತಿಸಿ.

ಕೊಪ್ಪಳದವ:

ತೆಪ್ಪಕ್ಕೂ ಲೈಫ್ ಜಾಕೆಟ್ ಹಾಕಿಸಿ ಅಣ್ಣಾ.

ಮಾನ್ವಿ ಟೀಚರ್:

ಮೊನ್ನೆ ಬಂದೆವು. ಹೇಳದೆ ಇರಲಾಗಲಿಲ್ಲ.

ಪರದೆಯೊಳಗೆ ಹೋಗುವ ಮೊದಲು ಅವ್ವ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ನಾನು ಮೊಣಕಾಲಿನ ಚೀಟಿ ಕೊಟ್ಟೆ. ಆ ಹುಡುಗಿ ಓದಿ, ಸ್ಟೂಲ್ ಎಳೆದು ಕೂರಿಸಿದಳು. ಕೈಮಶೀನು ತಾಳಿಯ ಹತ್ತಿರ ಕೂಗಿತು. ಆಕೆ ಅವ್ವನ ಮುಷ್ಟಿ ನಿಧಾನವಾಗಿ ಬಿಡಿಸಿ ನೋಡಿ, ಮತ್ತೆ ಸೆರಗಿನೊಳಗೆ ಸೇರಿಸಿದಳು. ಎರಡು ನಿಮಿಷವೂ ಆಗಲಿಲ್ಲ. ಹೊರಬಂದ ಅವ್ವ "ಆ ಹುಡುಗಿ ಮದುವೆ ಆಗಿದೆಯಾ?" ಎಂದು ಕೇಳಿದಳು. ತಮ್ಮನಿಗೆ ನೋಡಲು ಶುರು ಮಾಡಿದ್ದಾಳೆ.

ಹಡಗಿನಲ್ಲಿ ಅಡಕೊತ್ತು ತೆಗೆದುಕೊಂಡರು, ಇಳಿಯುವಾಗ ವಾಪಸ್ ಕೊಟ್ಟರು. ಅದಕ್ಕೆ ಕಟ್ಟಿದ್ದ ನಂಬರ್ ಚೀಟಿಯನ್ನು ಅವ್ವ ಇನ್ನೂ ಬಿಚ್ಚಿಲ್ಲ. ಅಡಕೆ ಕತ್ತರಿಸುವಾಗಲೆಲ್ಲ ಅದು ನೇತಾಡುತ್ತಿರುತ್ತದೆ.