ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ವಿಸಿಆರ್‌ಗೆ ಹಾಕುವ ಮೊದಲು ಏನೇನು ನೋಡಬೇಕು?

ಕಾರ್ಕಳದವ:
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1988ರಿಂದ 1996ರವರೆಗೆ ಊರಿನ ಬಯಲಾಟಗಳನ್ನೂ ಮನೆಯ ಮದುವೆ, ಉಪನಯನಗಳನ್ನೂ ಚಿತ್ರೀಕರಿಸಿ ಇಟ್ಟಿದ್ದ ಹದಿನಾಲ್ಕು ವಿಎಚ್‌ಎಸ್ ಕ್ಯಾಸೆಟ್‌ಗಳು ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕಿವೆ. ನಮ್ಮ ಕಡೆಯ ಮಳೆಗಾಲವನ್ನು ಬಲ್ಲವರಿಗೆ ಅವು ಎಷ್ಟು ತೇವ ಕುಡಿದಿರಬಹುದೆಂದು ಹೇಳಬೇಕಾಗಿಲ್ಲ. ಎರಡು ಕ್ಯಾಸೆಟ್‌ಗಳ ಕಿಟಕಿಯೊಳಗೆ ಬಿಳಿಯ ಚುಕ್ಕೆಗಳು ಕಾಣುತ್ತಿವೆ. ಇನ್ನೊಂದರಲ್ಲಿ ಸುರುಳಿಯ ಮೈ ಸಮವಾಗಿಲ್ಲ. ಪರಿಚಯದವರೊಬ್ಬರು ತಮ್ಮ ವಿಸಿಆರ್ ಕೊಡಲು ಒಪ್ಪಿದ್ದು, ಹಾಕಿ ನೋಡಿದರೆ ತಾನಾಗಿ ತಿಳಿಯುತ್ತದೆ ಎನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ. ಹಾಕುವ ಮೊದಲೇ ಕೆಟ್ಟಿರುವುದನ್ನು ಗುರುತಿಸುವ ಬಗೆ ಯಾವುದು?

ಹಳೆಯ ರೀಲು:
ತಾವು ತಡೆದದ್ದು ಒಳ್ಳೆಯದಾಯಿತು. ನಮ್ಮ ದೇಶದ ಟಿವಿಯ ಪ್ಯಾಲ್ ಪದ್ಧತಿಯ ವಿಸಿಆರ್‌ನಲ್ಲಿ ಟೇಪಿನ ಚಿತ್ರವನ್ನು ಓದುವ ಹೆಡ್‌ಗಳಿರುವ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿರುತ್ತದೆ, ಮತ್ತು ಸುಮಾರು 20 ಮೈಕ್ರಾನ್ ದಪ್ಪದ ಟೇಪು ಅದರ ಅರ್ಧ ಮೈಯನ್ನು ಬಳಸಿಕೊಂಡು ಹಾದುಹೋಗುತ್ತದೆ. ಬೂಷ್ಟು ಹಿಡಿದ ಟೇಪನ್ನು ಅಲ್ಲಿ ಓಡಿಸಿದರೆ ಹೆಡ್ ಕಟ್ಟಿಕೊಳ್ಳುತ್ತದೆ. ಆ ಕಸ ಮುಂದಿನ ಒಳ್ಳೆಯ ಕ್ಯಾಸೆಟ್‌ಗೂ ಹತ್ತುತ್ತದೆ.

ಮೊದಲು ಟಾರ್ಚನ್ನು ಓರೆಯಾಗಿ ಹಿಡಿದು ಕಿಟಕಿಯ ಮೂಲಕ ಸುರುಳಿಯ ಅಂಚನ್ನು ನೋಡಿರಿ. ಆರೋಗ್ಯವಾಗಿರುವ ಸುರುಳಿ ಗ್ರಾಮಫೋನ್ ತಟ್ಟೆಯ ಹಾಗೆ ನುಣುಪಾಗಿ, ಒಂದೇ ಹೊಳಪಿನಲ್ಲಿ ಕಾಣುತ್ತದೆ. ಒಂದೆರಡು ಸುತ್ತು ಮಾತ್ರ ಮೇಲೆದ್ದು ನಿಂತಿದ್ದರೆ ಆ ಅಂಚು ಮಡಚಿಕೊಳ್ಳುವ ಸಂಭವವಿರುತ್ತದೆ. ಅಂಚೇ ಮುಖ್ಯ, ಏಕೆಂದರೆ ವಿಎಚ್‌ಎಸ್‌ನಲ್ಲಿ ಸಾಧಾರಣ ಧ್ವನಿಪಥ ಮೇಲಂಚಿನಲ್ಲಿಯೂ, ಚಿತ್ರವನ್ನು ಹದಕ್ಕೆ ತರುವ ಕಂಟ್ರೋಲ್ ಟ್ರ್ಯಾಕ್ ಕೆಳಂಚಿನಲ್ಲಿಯೂ ಇರುತ್ತವೆ. ಕೆಳಗಿನದು ನಲುಗಿದರೆ ಚಿತ್ರ ಚೆನ್ನಾಗಿದ್ದರೂ ತೆರೆಯ ಮೇಲೆ ನಿಲ್ಲುವುದಿಲ್ಲ.

ಬಿಳಿಯದೆಲ್ಲವೂ ಬೂಷ್ಟೇ ಆಗಬೇಕೆಂದಿಲ್ಲ. ಭೂತಗನ್ನಡಿಯಲ್ಲಿ ಜೇಡರ ಬಲೆಯಂಥ ಎಳೆಗಳು ಅಥವಾ ಹತ್ತಿಯಂಥ ದುಂಡನೆಯ ಚುಕ್ಕೆಗಳು ಕಂಡರೆ ಅದು ಬೂಷ್ಟು. ಬರಿಯ ಪುಡಿಯಾಗಿದ್ದರೆ ಟೇಪಿನ ಒಳಗಿನ ಜಾರುಪದಾರ್ಥ ಹೊರಬಂದಿರಲೂಬಹುದು. ಎರಡರಲ್ಲಿ ಯಾವುದಾದರೂ ಸ್ವಚ್ಛವಾಗುವವರೆಗೆ ಯಂತ್ರಕ್ಕೆ ಹೋಗಬಾರದು. ಬೂಷ್ಟಿನ ಕ್ಯಾಸೆಟ್‌ಗಳನ್ನು ಉಳಿದವುಗಳಿಂದ ಬೇರೆ ಮಾಡಿ, ಮಾಸ್ಕ್ ಹಾಕಿಕೊಂಡು, ಫ್ಯಾನ್ ಆರಿಸಿ ತೆರೆಯಿರಿ.

ಕಡಲಂಚು:
ನನ್ನದು ಸಣ್ಣ ಸಲಹೆ. ಮೂಸಿ ನೋಡಿದರೆ ಸಾಕಲ್ಲವೇ? ವಿನೆಗರ್ ವಾಸನೆ ಬಂದರೆ ಟೇಪು ಕೊಳೆತಿದೆ ಎಂದು ಓದಿದ್ದೇನೆ. ವಾಸನೆ ಇಲ್ಲದಿದ್ದರೆ ವಿಸಿಆರ್‌ಗೆ ಹಾಕಿ, ಪ್ಲೇ ಮಾಡದೆ ಫಾಸ್ಟ್ ಫಾರ್ವರ್ಡ್ ಮಾತ್ರ ಮಾಡಿ ನೋಡಬಹುದು. ಆಗ ಹೆಡ್‌ಗೆ ಏನೂ ತಾಗುವುದಿಲ್ಲ.

ಹಳೆಯ ರೀಲು:
ಕಡಲಂಚು ಅವರೇ, ಮೂಸುವುದು ಸರಿಯೇ, ಆದರೆ ವಿನೆಗರ್ ವಾಸನೆ ಅಸಿಟೇಟ್ ಆಧಾರದ ಸಿನಿಮಾ ಫಿಲ್ಮಿನದು ಮತ್ತು ತೀರ ಹಳೆಯ ಧ್ವನಿ ಟೇಪುಗಳದು. ವಿಎಚ್‌ಎಸ್ ಟೇಪಿನ ಆಧಾರ ಪಾಲಿಯೆಸ್ಟರ್ ಆದ್ದರಿಂದ ಆ ವಾಸನೆಗಾಗಿ ಕಾದು ಕುಳಿತರೆ ಮೋಸ ಹೋಗುತ್ತೇವೆ. ಇಲ್ಲಿ ಕೆಡುವುದು ಕಾಂತೀಯ ಕಣಗಳನ್ನು ಹಿಡಿದಿಟ್ಟಿರುವ ಬೈಂಡರ್. ಅದು ಗಾಳಿಯ ತೇವವನ್ನು ಹೀರಿ ಒಡೆದು ಅಂಟಂಟಾಗುತ್ತದೆ. ಆಗ ಮೇಣದ ಬಣ್ಣದ ಕಡ್ಡಿಯಂಥ ವಾಸನೆ ಬರುವುದುಂಟು. ಈ ರೋಗ ಹಿಂದೆ ಟಿವಿ ಕೇಂದ್ರಗಳು ಬಳಸುತ್ತಿದ್ದ ಯು-ಮ್ಯಾಟಿಕ್‌ನಲ್ಲಿ ಹೆಚ್ಚು, ವಿಎಚ್‌ಎಸ್‌ನಲ್ಲಿ ಕಡಿಮೆ. ಮಣ್ಣು ವಾಸನೆ, ಮುಗ್ಗಲು ವಾಸನೆ ಬಂದರೆ ಬೂಷ್ಟನ್ನು ಶಂಕಿಸಬೇಕು.

ಫಾಸ್ಟ್ ಫಾರ್ವರ್ಡ್ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅನೇಕ ವಿಸಿಆರ್‌ಗಳಲ್ಲಿ, ಅದರಲ್ಲಿಯೂ ಈಚಿನ ಮಾದರಿಗಳಲ್ಲಿ, ಓಡಿಸುವಾಗಲೂ ಟೇಪು ಡ್ರಮ್ಮಿಗೆ ಸುತ್ತಿಕೊಂಡೇ ಇರುತ್ತದೆ. ಅದಕ್ಕಿಂತ ಕೈಯೇ ಲೇಸು. ಕ್ಯಾಸೆಟ್ಟಿನ ಪಕ್ಕದ ಸಣ್ಣ ಗುಂಡಿಯನ್ನು ಒತ್ತಿ ಮುಂದಿನ ಮುಚ್ಚಳವನ್ನು ಎತ್ತಿ, ಅಡಿಭಾಗದ ನಡುವಿನ ತೂತಿನಲ್ಲಿ ಪೆನ್ನಿನ ತುದಿ ಇಟ್ಟು ಬ್ರೇಕ್ ಬಿಡಿಸಿ, ರೀಲನ್ನು ಬೆರಳಿನಿಂದ ನಿಧಾನವಾಗಿ ನಾಲ್ಕೈದು ಸುತ್ತು ತಿರುಗಿಸಿರಿ. ಟೇಪು ಸುರುಳಿಯಿಂದ ಸಡಿಲವಾಗಿ ಬಿಟ್ಟುಬರಬೇಕು. ಹಸಿ ಅಂಟಿನ ಮೇಲಿನ ಕಾಗದದಂತೆ ಕಚ್ಚಿಕೊಂಡು ತಡೆದು ಬರುವುದಾದರೆ ಅಲ್ಲಿಗೇ ನಿಲ್ಲಿಸಿರಿ. ಎಳೆದರೆ ಕಪ್ಪು ಲೇಪ ಕಿತ್ತುಬಂದು ಪಾರದರ್ಶಕ ಪಟ್ಟಿ ಮಾತ್ರ ಉಳಿಯುತ್ತದೆ, ಹೋದ ಚಿತ್ರ ಮರಳಿ ಬಾರದು. ಇಂಥದ್ದನ್ನು ಒಲೆಯಲ್ಲಿ ಕಾಯಿಸಿ ಸರಿಮಾಡಬಹುದೆಂದು ಕೆಲವರು ಹೇಳುತ್ತಾರೆ. ಅದು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖವನ್ನು ಗಂಟೆಗಟ್ಟಲೆ ಕದಲದಂತೆ ಕಾಯ್ದುಕೊಳ್ಳುವ ಸಾಧನವಿರುವವರ ಕೆಲಸ, ಅಡುಗೆಮನೆಯ ಓವನ್ನಿನದಲ್ಲ.

ಇಷ್ಟೆಲ್ಲ ನೋಡಿದರೂ ಕಾಂತೀಯ ಸಂಕೇತ ಉಳಿದಿದೆಯೇ ಎಂಬುದು ಹೊರಗಿನಿಂದ ಕಾಣದು. ಟೇಪು ಓಡಲು ಯೋಗ್ಯವೇ ಎಂಬುದಷ್ಟೇ ಕಾಣುತ್ತದೆ.

ಮೆಕ್ಯಾನಿಕ್ ಮಾವ:
ಟೇಪನ್ನು ನೋಡುವವರು ವಿಸಿಆರನ್ನು ನೋಡುವುದೇ ಇಲ್ಲ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರದ ರಬ್ಬರ್ ರೋಲರ್ ಗಟ್ಟಿಯಾಗಿ, ಬೆಲ್ಟ್ ಸಡಿಲವಾಗಿ, ಒಳ್ಳೆಯ ಟೇಪನ್ನೇ ತಿಂದುಹಾಕುತ್ತದೆ. ಹೋದರೂ ಚಿಂತೆಯಿಲ್ಲದ ಒಂದು ಸಿನಿಮಾ ಕ್ಯಾಸೆಟ್ಟನ್ನು ಮೊದಲು ಪೂರ್ತಿ ಓಡಿಸಿ, ಅದರ ಅಂಚು ಸುಕ್ಕಾಗದೆ ಹೊರಬಂದ ಮೇಲೆ ತಂದೆಯವರದನ್ನು ಮುಟ್ಟಿರಿ. ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ತಯಾರಿಕೆ ನಿಲ್ಲಿಸಿದ್ದರಿಂದ ಹೆಡ್ ಹಾಳಾದರೆ ಬಿಡಿಭಾಗಕ್ಕೆ ಗುಜರಿಯೇ ಗತಿ.

ಕಾರ್ಕಳದವ:
ತಮ್ಮೆಲ್ಲರ ಮಾತಿನಂತೆ ಈ ಎರಡು ದಿನ ಎಲ್ಲವನ್ನೂ ಪರೀಕ್ಷಿಸಿದೆ. ಹತ್ತು ಕ್ಯಾಸೆಟ್‌ಗಳ ಸುರುಳಿ ನುಣುಪಾಗಿದೆ, ಕೈಯಲ್ಲಿ ಹಗುರವಾಗಿ ತಿರುಗಿತು. ಬಿಳಿ ಚುಕ್ಕೆಯ ಎರಡರಲ್ಲಿಯೂ ಎಳೆಎಳೆಯಾದ ಬೂಷ್ಟೇ ಇದೆ. ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬೇರೆ ಬೇರೆ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ಸಮವಿಲ್ಲದ್ದರಲ್ಲಿ ಆರೇಳು ಸುತ್ತು ಮೇಲೆದ್ದಿವೆ. ಹದಿನಾಲ್ಕನೆಯದರ ಮೇಲೆ ತಂದೆಯವರು ನೀಲಿ ಶಾಯಿಯಲ್ಲಿ ‘ಅಮ್ಮ, 1991’ ಎಂದು ಬರೆದಿದ್ದಾರೆ. ಅದು ಎರಡನೆಯ ಸುತ್ತಿನಲ್ಲಿಯೇ ತಡೆದಂತಾಯಿತು. ನಿಲ್ಲಿಸಿದೆ. ಅದನ್ನು ಸರಿಯಾದ ಸಾಧನವಿರುವವರ ಕೈಗೇ ಕೊಡುತ್ತೇನೆ. ಉಳಿದ ಹತ್ತಕ್ಕೆ ಈಗ ಯಾರೂ ನೋಡದ ಒಂದು ಸಿನಿಮಾ ಕ್ಯಾಸೆಟ್ಟನ್ನು ಹುಡುಕುತ್ತಿದ್ದೇನೆ.