ಹಿಮ, ಮಂಜುಗಡ್ಡೆ, ನೀರ್ಗಲ್ಲು: ಯಾವುದಕ್ಕೆ ಯಾವ ಪದ?

ವಿಶ್ವವಿದ್ಯಾಲಯವೊಂದರ ಭೂವಿಜ್ಞಾನ ವಸ್ತುಸಂಗ್ರಹಾಲಯ ಧ್ರುವ ವಿಜ್ಞಾನಕ್ಕಾಗಿಯೇ ಒಂದು ದಿನ ಸಾರ್ವಜನಿಕರಿಗೆ ಬಾಗಿಲು ತೆರೆಯಲಿದೆ. ಅಲ್ಲಿನ ಫಲಕಗಳ ಕನ್ನಡ ಪಠ್ಯವನ್ನು ನಾನು ಬರೆಯುತ್ತಿದ್ದೇನೆ. ನಾಲ್ಕು ಬೇರೆ ಬೇರೆ ವಸ್ತುಗಳಿಗೆ ನಾವು ‘ಹಿಮ’ ಎಂಬ ಒಂದೇ ಪದವನ್ನು ಹಚ್ಚುತ್ತಿದ್ದೇವೆ. ಇವನ್ನು ಬಿಡಿಸಿ ಹೇಳಲು ಪದಬಲ್ಲವರ ನೆರವು ಬೇಕು.

ತೊಡಕು ಎದುರಾದದ್ದು ಮಕ್ಕಳಿಗಾಗಿ ಇಡುವ ಒಂದು ಸರಳ ಪ್ರಯೋಗದಲ್ಲಿ. ಎರಡು ಬೋಗುಣಿಗಳಲ್ಲಿ ನೀರು. ಒಂದರಲ್ಲಿ ಮಂಜುಗಡ್ಡೆ ತೇಲುತ್ತಿದೆ, ಇನ್ನೊಂದರಲ್ಲಿ ನೀರಿನಿಂದ ಮೇಲೆದ್ದ ಕಲ್ಲಿನ ಮೇಲೆ ಕೂತಿದೆ. ಎರಡೂ ಕರಗಿದ ಮೇಲೆ ಮೊದಲನೆಯದರಲ್ಲಿ ನೀರಿನ ಮಟ್ಟ ಏರುವುದಿಲ್ಲ, ಎರಡನೆಯದರಲ್ಲಿ ಏರುತ್ತದೆ. ಇದರ ಪಕ್ಕದಲ್ಲೇ ನಾನು ‘ಧ್ರುವದ ಹಿಮ ಕರಗಿದರೆ ಸಮುದ್ರಮಟ್ಟ ಏರುತ್ತದೆ’ ಎಂದು ಬರೆದರೆ ಆ ಫಲಕ ಪ್ರಯೋಗವನ್ನೇ ಅಲ್ಲಗಳೆದಂತಾಗುತ್ತದೆ. ಯಾವ ಹಿಮ? ಆರ್ಕ್ಟಿಕ್ ಸಾಗರದ ಮೇಲೆ ತೇಲುವ, ಒಂದೆರಡು ಮೀಟರ್ ದಪ್ಪದ ಸೀ ಐಸ್ ಕರಗಿದರೆ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗದು. ಗ್ರೀನ್‌ಲ್ಯಾಂಡಿನ ನೆಲದ ಮೇಲಿರುವುದು ಪೂರ್ತಿ ಕರಗಿದರೆ ಸುಮಾರು 7 ಮೀಟರ್ ಏರಿಕೆ. ಪತ್ರಿಕೆಗಳಲ್ಲಿ ಎರಡೂ ‘ಹಿಮ’ವೇ.

ಸೀ ಐಸ್ ಎಂದರೆ ಸಮುದ್ರದ ನೀರೇ ಸುಮಾರು ಮೈನಸ್ 1.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಿದ್ದು, ಆಕಾಶದಿಂದ ಬಿದ್ದದ್ದಲ್ಲ. ಇದಕ್ಕೆ ‘ಕಡಲಹೆಪ್ಪು’ ಎಂಬ ಪದ ನನಗೆ ತುಂಬ ಹಿಡಿಸಿದೆ. ಹುಟ್ಟಿದ ಬಗೆಯನ್ನೇ ಅದು ಹೇಳುತ್ತದೆ.

ಐಸ್ ಶೀಟ್‌ಗೆ, ಅಂದರೆ ವಿಶಾಲ ನೆಲವನ್ನೇ ಮುಚ್ಚಿ ಕೂತ ಐಸ್ ರಾಶಿಗೆ, ಬಳಕೆಯಲ್ಲಿರುವ ‘ಹಿಮಹಾಳೆ’ಯನ್ನು ಮಾತ್ರ ನಾನು ಒಪ್ಪಲಾರೆ. ಅಂಟಾರ್ಕ್ಟಿಕಾದಲ್ಲಿ ಅದರ ಸರಾಸರಿ ದಪ್ಪವೇ ಸುಮಾರು 2 ಕಿಲೋಮೀಟರ್. ಹಾಳೆ ಎಂದರೆ ಓದುವವರ ಮನಸ್ಸಿಗೆ ಬರುವುದು ಕಾಗದ! ‘ಹಿಮಹೊದಿಕೆ’ ಪರವಾಗಿಲ್ಲ, ಆದರೆ ಒಂದು ರಾತ್ರಿ ಸುರಿದು ನೆಲ ಮುಚ್ಚಿದ ಹಿಮಕ್ಕೂ ಅದೇ ಸಲ್ಲುತ್ತದೆ.

ಐಸ್ ಶೆಲ್ಫ್ ಇನ್ನೂ ಕಷ್ಟ. ನೆಲದ ಮೇಲಿನ ಐಸ್ ಹರಿದು ಬಂದು, ಬುಡ ಕಳಚಿಕೊಳ್ಳದೆ, ಕಡಲಿನ ಮೇಲೆ ತೇಲುತ್ತ ಚಾಚಿಕೊಂಡ ಭಾಗ ಅದು. ರಾಸ್ ಐಸ್ ಶೆಲ್ಫ್ ಒಂದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಇದೆ. ಭಾರತದ ಮೊದಲ ಅಂಟಾರ್ಕ್ಟಿಕ್ ನೆಲೆ ದಕ್ಷಿಣ ಗಂಗೋತ್ರಿಯನ್ನು 1983–84ರಲ್ಲಿ ಕಟ್ಟಿದ್ದು ಇಂಥದೊಂದು ಚಾಚಿನ ಮೇಲೆ. ಕೆಲವೇ ವರ್ಷಗಳಲ್ಲಿ ಅದು ಹಿಮದಲ್ಲಿ ಹೂತುಹೋಯಿತು. ಮುಂದಿನ ನೆಲೆ ಮೈತ್ರಿಯನ್ನು ಶಿರ್ಮಾಕರ್ ಓಯಸಿಸ್ ಎಂಬ, ಐಸ್ ಮುಚ್ಚದ ಬಂಡೆನೆಲದ ಮೇಲೆ ಕಟ್ಟಲಾಯಿತು. ‘ಹಿಮದ ಮೇಲಿನ ನೆಲೆ’ ಎಂದಷ್ಟೇ ಬರೆದರೆ ಈ ಕಥೆಯ ತಿರುಳೇ ಕಾಣೆಯಾಗುತ್ತದೆ. ‘ಹಿಮಚಾಚು’ ಎಂದರೆ ಹೇಗೆ?

ಇನ್ನು ಬುನಾದಿಯ ಪ್ರಶ್ನೆ. ಸ್ನೋ ಮತ್ತು ಐಸ್ ಎರಡನ್ನೂ ಬೇರೆ ಮಾಡದೆ ಮುಂದಕ್ಕೆ ಹೋಗಲಾಗದು. ಸ್ನೋ ವರ್ಷದಿಂದ ವರ್ಷಕ್ಕೆ ಪದರ ಪದರವಾಗಿ ಬಿದ್ದು, ತನ್ನದೇ ಭಾರಕ್ಕೆ ಒತ್ತಿಕೊಂಡು, ನಡುವಿನ ಗಾಳಿಯನ್ನು ಗುಳ್ಳೆಗಳಾಗಿ ಸೆರೆಹಿಡಿದು ಐಸ್ ಆಗುತ್ತದೆ. ಅಂಟಾರ್ಕ್ಟಿಕಾದಿಂದ ಕೊರೆದು ತೆಗೆದ ಐಸ್ ಕಂಬಗಳಲ್ಲಿ 8 ಲಕ್ಷ ವರ್ಷಗಳ ಹಿಂದಿನ ಗಾಳಿ ಸಿಕ್ಕಿರುವುದು ಹೀಗೆ. ಇದನ್ನು ‘ಹಿಮವು ಹಿಮವಾಗುತ್ತದೆ’ ಎಂದು ಬರೆಯಲೇ? ‘ಮಂಜು’ ಎಂದರೆ ಬೆಳಗಿನ ಕಾವಳ ಎಂದೂ ಅರ್ಥವಾಗುತ್ತದೆ. ‘ಮಂಜುಗಡ್ಡೆ’ ತುಂಡಿಗೆ ಸರಿ, ಒಂದು ಖಂಡವನ್ನೇ ಮುಚ್ಚಿದ ರಾಶಿಗೆ ಕಿರಿದು.

ಆದ್ದರಿಂದ ಸ್ನೋಗೆ ‘ಹಿಮ’, ಐಸ್‌ಗೆ ‘ನೀರ್ಗಲ್ಲು’ ಎಂದು ಗೆರೆ ಎಳೆಯುವುದು ನನ್ನ ಸಲಹೆ. ಭೂವಿಜ್ಞಾನದ ಸಂಗ್ರಹಾಲಯಕ್ಕೆ ಇದಕ್ಕಿಂತ ಒಪ್ಪುವ ಪದ ನನಗೆ ಕಾಣದು. ನಿಸರ್ಗದಲ್ಲಿ ದೊರೆಯುವ, ಹರಳಿನ ರಚನೆಯುಳ್ಳ, ನಿರ್ದಿಷ್ಟ ರಾಸಾಯನಿಕ ಸಂಯೋಜನೆಯ ಘನವಸ್ತುವಾದ್ದರಿಂದ ಐಸ್ ಒಂದು ಖನಿಜವೇ. ಸ್ಫಟಿಕ ಶಿಲೆಯ ಸಾಲಿನಲ್ಲಿ ಅದನ್ನೂ ಇಡಬಹುದು. ಆಲಿಕಲ್ಲನ್ನು ಕಲ್ಲೆಂದ ಭಾಷೆಗೆ ಇದು ಹೊಸದೂ ಅಲ್ಲ. ಹಾಗಾದರೆ ಐಸ್ ಶೆಲ್ಫ್ ‘ನೀರ್ಗಲ್ಲ ಚಾಚು’ ಆಗಬೇಕು. ಗ್ಲೇಸಿಯರ್‌ಗೆ ನೆಲೆನಿಂತಿರುವ ‘ಹಿಮನದಿ’ಯನ್ನು ಕದಲಿಸುವ ಆಸೆ ನನಗಿಲ್ಲ.

ತಿಳಿದವರು ಮೂರು ವಿಷಯ ಹೇಳಬೇಕು. ನೀರ್ಗಲ್ಲನ್ನು ಕೆಲವರು ಐಸ್‌ಬರ್ಗ್‌ಗೆ, ಅಂದರೆ ಮುರಿದು ಬಂದು ಕಡಲಲ್ಲಿ ತೇಲುವ ಐಸ್ ಗುಡ್ಡಕ್ಕೆ, ಮಾತ್ರ ಬಳಸಿದ್ದಾರೆ. ಅರ್ಥವನ್ನು ಹಿಗ್ಗಿಸಿದರೆ ಗೊಂದಲವಾದೀತೇ? ‘ಕಡಲಹೆಪ್ಪು’ ವಿವರಣೆಯಿಲ್ಲದೆ ಹತ್ತು ವರ್ಷದ ಮಗುವಿಗೆ ತಿಳಿದೀತೇ? ಎರಡು ಕಿಲೋಮೀಟರ್ ದಪ್ಪದ ಐಸ್ ಶೀಟ್‌ಗೆ, ಹಾಳೆಯೂ ಹೊದಿಕೆಯೂ ಅಲ್ಲದ, ತೂಕವಿರುವ ಪದ ಯಾರಲ್ಲಾದರೂ ಇದೆಯೇ?