ಒಂದೇ ಕೇಬಲ್, ಎರಡೇ ಕನೆಕ್ಟರ್: ಸಂದರ್ಶನದ ಈ ಸಮಸ್ಯೆಗೆ ಉತ್ತರವೇನು?

ಪ್ರಶ್ನೆ

ಕಳೆದ ವಾರ ಬೆಂಗಳೂರಿನ ಕಂಪನಿಯೊಂದಕ್ಕೆ ನೆಟ್‌ವರ್ಕ್ ಸಪೋರ್ಟ್ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದೆ. ಸಬ್‌ನೆಟ್, ವಿಎಲ್ಯಾನ್, ಡಿಎಚ್‌ಸಿಪಿ ಎಂದು ಎಂದಿನ ಪ್ರಶ್ನೆಗಳು ಮುಗಿದ ಮೇಲೆ ಸಂದರ್ಶಕರು ಬೋರ್ಡಿನ ಮೇಲೆ ಎರಡು ಚೌಕ ಬರೆದು, ನಡುವೆ ಒಂದು ಗೆರೆ ಎಳೆದು, ಹೀಗೊಂದು ಸಮಸ್ಯೆ ಒಡ್ಡಿದರು. ಒಂದು ಕೋಣೆಯಲ್ಲಿ ಸ್ವಿಚ್, ಅಂದರೆ ಹಲವು ಯಂತ್ರಗಳನ್ನು ನೆಟ್‌ವರ್ಕಿಗೆ ಸೇರಿಸುವ ಪೆಟ್ಟಿಗೆ, ಇದೆ. 60 ಮೀಟರ್ ಆಚೆಯ ಇನ್ನೊಂದು ಕೋಣೆಯಲ್ಲಿ ಒಂದು ಕಂಪ್ಯೂಟರ್ ಇದ್ದು, ಗೋಡೆಯೊಳಗಿನ ಪೈಪಿನಲ್ಲಿ ಹಾದುಬಂದ ಒಂದೇ ಕ್ಯಾಟ್-5ಇ ನೆಟ್‌ವರ್ಕ್ ಕೇಬಲ್ ಅದನ್ನು ಸ್ವಿಚ್ಚಿಗೆ ಸೇರಿಸಿದೆ. ನಾಳೆ ಬೆಳಿಗ್ಗೆಯೊಳಗೆ ಅದೇ ಕೋಣೆಯಲ್ಲಿ ಇನ್ನೊಂದು ಯಂತ್ರವೂ ನೆಟ್‌ವರ್ಕಿಗೆ ಬರಬೇಕು. ಪೈಪಿನಲ್ಲಿ ಮತ್ತೊಂದು ಕೇಬಲ್ ತೂರುವುದಿಲ್ಲ, ಇನ್ನೊಂದು ಸ್ವಿಚ್ ಇಲ್ಲ, ವೈ-ಫೈ ಇಲ್ಲ, ಅಂಗಡಿಗಳು ಮುಚ್ಚಿವೆ. ಕೈಯಲ್ಲಿರುವುದು ತಂತಿಗಳ ಮೇಲೆ ಕನೆಕ್ಟರನ್ನು ಒತ್ತಿ ಕೂರಿಸುವ ಒಂದು ಕ್ರಿಂಪಿಂಗ್ ಟೂಲ್, ಎರಡು ಆರ್‌ಜೆ-45 ಕನೆಕ್ಟರ್ (ನೆಟ್‌ವರ್ಕ್ ಕೇಬಲ್ಲಿನ ತುದಿಯ ಎಂಟು ಪಿನ್ನಿನ ಪ್ಲಗ್), ಒಂದು ಮೀಟರ್ ಉದ್ದದ ಒಂದು ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಕನೆಕ್ಟರ್ ಇರುವ ಗಿಡ್ಡ ಕೇಬಲ್) ಮತ್ತು ಇನ್ಸುಲೇಷನ್ ಟೇಪ್, ಅಷ್ಟೇ. ಕೇಬಲ್ ಪರೀಕ್ಷಿಸುವ ಟೆಸ್ಟರ್ ಕೂಡ ಇಲ್ಲ.

ಕೇಬಲ್ಲಿನ ನಾಲ್ಕು ಜೋಡಿ ತಂತಿಗಳನ್ನು ಎರಡೆರಡಾಗಿ ಹಂಚಿದರೆ ಎರಡು ಸಂಪರ್ಕಗಳಾಗುತ್ತವೆ ಎಂಬುದು ನನಗೆ ಹೊಳೆಯಿತು. ಆದರೆ ಎರಡೂ ತುದಿಗೆ ಎರಡೆರಡರಂತೆ ನಾಲ್ಕು ಕನೆಕ್ಟರ್ ಬೇಕಲ್ಲವೇ ಎಂದೆ. “ಎರಡೇ ಇರುವುದು” ಎಂದು ಅವರು ನಕ್ಕರು. ನಾನು ಅಲ್ಲಿಗೇ ನಿಂತುಬಿಟ್ಟೆ. ಇದಕ್ಕೆ ನಿಜವಾಗಿಯೂ ಉತ್ತರವಿದೆಯೇ, ಅಥವಾ ಅಭ್ಯರ್ಥಿ ಕಂಗಾಲಾಗುವುದನ್ನು ನೋಡಲೆಂದೇ ಕೇಳುವ ಪ್ರಶ್ನೆಯೇ?

ಉತ್ತರ 1

ಉತ್ತರವಿದೆ, ಮತ್ತು ನೀವು ಅದರ ಹೊಸ್ತಿಲವರೆಗೆ ಬಂದಿದ್ದಿರಿ. ಗೋಡೆಯ ಕೇಬಲ್ಲಿನ ಎರಡೂ ತುದಿಗಳಲ್ಲಿ ಈಗಾಗಲೇ ಒಂದೊಂದು ಕನೆಕ್ಟರ್ ಇದೆ ಎಂಬುದನ್ನು ಮರೆತಿರಿ. ಅವುಗಳನ್ನು ಕತ್ತರಿಸಿ ಎಸೆಯಬೇಕಾಗಿಯೇ ಇಲ್ಲ.

100 ಮೆಗಾಬಿಟ್ ಈಥರ್ನೆಟ್, ಅಂದರೆ 100ಬೇಸ್-ಟಿಎಕ್ಸ್, ಬಳಸುವುದು 1, 2, 3 ಮತ್ತು 6ನೇ ಪಿನ್ನುಗಳನ್ನು ಮಾತ್ರ. ಟಿ568ಬಿ ಎಂಬ ತಂತಿ ಜೋಡಣೆಯ ಬಣ್ಣದ ಕ್ರಮದಲ್ಲಿ ಅವು ಕಿತ್ತಳೆ ಮತ್ತು ಹಸಿರು ಜೋಡಿಗಳು. ನೀಲಿ ಮತ್ತು ಕಂದು ಜೋಡಿಗಳು ಸುಮ್ಮನೆ ಕುಳಿತಿರುತ್ತವೆ. ಆದ್ದರಿಂದ ಕನೆಕ್ಟರಿನಿಂದ ನಾಲ್ಕು ಬೆರಳಿನಷ್ಟು ಹಿಂದೆ, ಕೇಬಲ್ಲಿನ ಮೇಲಿನ ಹೊದಿಕೆಯನ್ನು ಒಂದು ಗೇಣುದ್ದ ಉದ್ದುದ್ದವಾಗಿ ಸೀಳಿ, ಒಳಗಿನ ನೀಲಿ ಮತ್ತು ಕಂದು ಜೋಡಿಗಳನ್ನು ಮಾತ್ರ ಕನೆಕ್ಟರಿನ ಬದಿಯಲ್ಲಿ ಕತ್ತರಿಸಿ ಹೊರಗೆಳೆಯಬೇಕು. ಬ್ಲೇಡನ್ನು ಒತ್ತಿದರೆ ಒಳಗಿನ ತಂತಿಗೂ ಗಾಯವಾಗುವುದರಿಂದ ಹೊದಿಕೆಗೆ ಬರಿಯ ಗೀರು ಹಾಕಿ ಉಗುರಿನಿಂದ ಬಿಡಿಸುವುದು ಒಳ್ಳೆಯದು. ಹಳೆಯ ಕನೆಕ್ಟರ್ ಕಿತ್ತಳೆ ಮತ್ತು ಹಸಿರು ಜೋಡಿಗಳೊಂದಿಗೆ ಕಂಪ್ಯೂಟರಿಗೇ ಉಳಿಯುತ್ತದೆ. ಹೊಸ ಕನೆಕ್ಟರಿನಲ್ಲಿ ಬಿಳಿ-ನೀಲಿ 1ಕ್ಕೆ, ನೀಲಿ 2ಕ್ಕೆ, ಬಿಳಿ-ಕಂದು 3ಕ್ಕೆ, ಕಂದು 6ಕ್ಕೆ. ಇನ್ನೊಂದು ತುದಿಯಲ್ಲೂ ಹಾಗೆಯೇ. ಎರಡು ಕನೆಕ್ಟರಿನಲ್ಲಿ ಕೆಲಸ ಮುಗಿಯಿತು.

ನಾಲ್ಕೇ ತಂತಿ ಇರುವಾಗ 6ನೆಯದು ಪಕ್ಕದ ಕಾಲುವೆಗೆ ಜಾರುವುದುಂಟು. ಮೊದಲು ಕತ್ತರಿಸಿದ ತಂತಿಯ ಚೂರುಗಳನ್ನು 4 ಮತ್ತು 5ರಲ್ಲಿ ತುರುಕಿದರೆ ಅದು ಸ್ಥಳ ಬಿಟ್ಟು ಕದಲುವುದಿಲ್ಲ. ತಂತಿಯ ಬಣ್ಣ ಯಾವುದಾದರೇನು, ಎರಡೂ ತುದಿಯಲ್ಲಿ ಒಂದೇ ಕ್ರಮವಿದ್ದರೆ ಸಾಕು.

ಉತ್ತರ 2

ಮೇಲಿನವರ ಉತ್ತರ ಸರಿಯಾಗಿದೆ. ಆದರೆ ಕೊನೆಯ ವಾಕ್ಯವನ್ನು ಹಾಗೆಯೇ ಬಿಟ್ಟರೆ ಯಾರಾದರೂ ದಾರಿ ತಪ್ಪುತ್ತಾರೆ. ಬಣ್ಣ ಮುಖ್ಯವಲ್ಲ ಎಂಬುದು ನಿಜ, ಜೋಡಿ ಮುಖ್ಯ. 1 ಮತ್ತು 2 ಒಂದೇ ಜೋಡಿಯವಾಗಿರಬೇಕು, 3 ಮತ್ತು 6 ಇನ್ನೊಂದು ಜೋಡಿಯವಾಗಿರಬೇಕು, ಏಕೆಂದರೆ ಹೊರಗಿನ ಗದ್ದಲವನ್ನು ಅಳಿಸುವುದು ಜೋಡಿಯೊಳಗಿನ ಹೊಸೆತವೇ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ತಾಲ್ಲೂಕು ಕೇಂದ್ರವೊಂದರ ಕಾಲೇಜಿನ ಪ್ರಯೋಗಾಲಯಕ್ಕೆ ಕೇಬಲ್ ಹಾಕುವಾಗ, ನೋಡಲು ಅಚ್ಚುಕಟ್ಟಾಗಿರಲಿ ಎಂದು ಜೋಡಿಗಳನ್ನು 1-2, 3-4, 5-6, 7-8 ಎಂದು ಸಾಲಾಗಿ ಕ್ರಿಂಪ್ ಮಾಡಿದ್ದೆ. ಟೆಸ್ಟರಿನ ಎಂಟೂ ದೀಪಗಳು ಕ್ರಮವಾಗಿ ಹೊತ್ತಿದವು, ಪಿಂಗ್ (ಆಚೆಯ ಯಂತ್ರ ಓಗೊಡುತ್ತದೆಯೇ ಎಂಬ ಪರೀಕ್ಷೆ) ಹೋಯಿತು, ನಾನು ಊರಿಗೆ ಮರಳಿದೆ. ಮರುದಿನ ದೊಡ್ಡ ಫೈಲೊಂದನ್ನು ನಕಲು ಮಾಡಹೊರಟರೆ ಆಮೆಯೂ ನಾಚಬೇಕು, ಹಾಗೆ ತೆವಳುತ್ತಿತ್ತು. 3ಕ್ಕೂ 6ಕ್ಕೂ ಬೇರೆ ಬೇರೆ ಜೋಡಿಯ ತಂತಿಗಳು ಬಿದ್ದಿದ್ದವು. ಆ ಅಗ್ಗದ ಟೆಸ್ಟರ್ ತಂತಿ ತುಂಡಾಗಿಲ್ಲ ಎಂದಷ್ಟೇ ಹೇಳಬಲ್ಲದು, ಜೋಡಿ ಸರಿಯಿದೆಯೇ ಎಂಬುದು ಅದಕ್ಕೆ ತಿಳಿಯದು. ಇಪ್ಪತ್ತು ಕೇಬಲ್ಲಿನ ನಲವತ್ತು ಕನೆಕ್ಟರ್ ಕತ್ತರಿಸಿ ಎಸೆದೆ.

ಇನ್ನೊಂದು ತೊಡಕು ವೇಗದ್ದು. ಗಿಗಾಬಿಟ್ಟಿಗೆ, ಅಂದರೆ 1000 ಮೆಗಾಬಿಟ್ ವೇಗಕ್ಕೆ, ನಾಲ್ಕೂ ಜೋಡಿ ಬೇಕು. ಸ್ವಿಚ್ ಮತ್ತು ಕಂಪ್ಯೂಟರ್ ಎರಡೂ ಗಿಗಾಬಿಟ್ ಆಗಿದ್ದರೆ, ಉಳಿದ ಜೋಡಿಗಳಲ್ಲೇ ಮಾತುಕತೆ ನಡೆಸಿ 1000ಕ್ಕೆ ಒಪ್ಪಿಕೊಂಡು, ಆಮೇಲೆ ಸಂಪರ್ಕ ಕೂಡದೆ ಒದ್ದಾಡುತ್ತವೆ. ಕೆಲವು ನೆಟ್‌ವರ್ಕ್ ಕಾರ್ಡುಗಳು ತಾವಾಗಿ 100ಕ್ಕೆ ಇಳಿಯುತ್ತವೆ, ಕೆಲವು ಇಳಿಯುವುದಿಲ್ಲ. ಆಗ ಆಟೋ-ನೆಗೋಶಿಯೇಶನ್, ಅಂದರೆ ಎರಡೂ ಬದಿ ತಾವೇ ವೇಗ ಗೊತ್ತುಮಾಡಿಕೊಳ್ಳುವ ಈ ಮಾತುಕತೆಯನ್ನು, ಆಫ್ ಮಾಡಲು ಹೋಗಬೇಡಿ. ಒಂದೇ ಬದಿಯಲ್ಲಿ ಅದನ್ನು ಆಫ್ ಮಾಡಿ ಫುಲ್ ಡ್ಯೂಪ್ಲೆಕ್ಸ್ (ಏಕಕಾಲಕ್ಕೆ ಕಳುಹಿಸಿ ಪಡೆಯುವುದು) ಎಂದು ಬಿಗಿದರೆ ಇನ್ನೊಂದು ಬದಿ ಹಾಫ್ ಡ್ಯೂಪ್ಲೆಕ್ಸಿಗೆ (ಒಮ್ಮೆಗೆ ಒಂದೇ ದಿಕ್ಕು) ಬೀಳುತ್ತದೆ, ಹೊಸ ರೋಗ ಅಂಟಿಕೊಳ್ಳುತ್ತದೆ. ಆಟೋ ಹಾಗೆಯೇ ಇರಲಿ, ಘೋಷಿಸುವ ವೇಗವನ್ನು ಮಾತ್ರ 100ಕ್ಕೆ ಸೀಮಿತಗೊಳಿಸಿ.

ಉತ್ತರ 3

ಇಂಥ ಪ್ರಶ್ನೆಗಳನ್ನು ಕೇಳುವ ಕುರ್ಚಿಯಲ್ಲಿ ನಾನು ಕೆಲವು ವರ್ಷ ಕುಳಿತಿದ್ದೇನೆ. ಜೋಡಿ ಹಂಚುವ ಉಪಾಯ ಗೊತ್ತಿದೆಯೇ ಎಂಬುದಕ್ಕಿಂತ, ಬ್ಲೇಡ್ ಕೈಗೆತ್ತಿಕೊಳ್ಳುವ ಮೊದಲು ಅಭ್ಯರ್ಥಿ ಏನು ಕೇಳುತ್ತಾನೆ ಎಂಬುದನ್ನು ನಾನು ಗಮನಿಸುತ್ತಿದ್ದೆ. “ಇನ್ನೊಂದು ಯಂತ್ರ” ಎಂದರೆ ಯಾವ ಯಂತ್ರ? ನೀವು ಕೇಳಲಿಲ್ಲ, ಇಲ್ಲಿ ಉತ್ತರಿಸಿದ ಇಬ್ಬರೂ ಕೇಳಲಿಲ್ಲ. ಹಾಜರಾತಿಯ ಬಯೋಮೆಟ್ರಿಕ್ ಯಂತ್ರವೋ ಪ್ರಿಂಟರೋ ಆಗಿದ್ದರೆ 100 ಮೆಗಾಬಿಟ್ ಧಾರಾಳವಾಯಿತು. ಪಿಒಇ ಕ್ಯಾಮೆರಾ, ಅಂದರೆ ನೆಟ್‌ವರ್ಕ್ ಕೇಬಲ್ಲಿನಿಂದಲೇ ವಿದ್ಯುತ್ ಪಡೆಯುವ ಕ್ಯಾಮೆರಾ, ಆಗಿದ್ದರೆ ಕಥೆಯೇ ಬೇರೆ. ಅದಕ್ಕೆಂದೇ ಇರುವ 2003ರ 802.3ಎಎಫ್ ಮಾನದಂಡವು ವಿದ್ಯುತ್ತನ್ನು ಡೇಟಾ ಜೋಡಿಗಳಲ್ಲಾದರೂ, 4-5 ಮತ್ತು 7-8ರ ಜೋಡಿಗಳಲ್ಲಾದರೂ ಕಳುಹಿಸಲು ಅವಕಾಶ ಕೊಡುತ್ತದೆ. ನಿಮ್ಮ ಸ್ವಿಚ್ ಅಥವಾ ಇಂಜೆಕ್ಟರ್ (ಕೇಬಲ್ಲಿಗೆ ವಿದ್ಯುತ್ ಸೇರಿಸುವ ಸಾಧನ) ಎರಡನೆಯ ಬಗೆಯದಾದರೆ, ಹೊಸ ಕನೆಕ್ಟರಿನಲ್ಲಿ ಆ ನಾಲ್ಕು ಪಿನ್ನುಗಳು ಖಾಲಿ ಇರುವುದರಿಂದ ಕ್ಯಾಮೆರಾ ಕಣ್ಣೇ ತೆರೆಯುವುದಿಲ್ಲ.

ಆ ಮೇಜಿನ ಮೇಲೆ ಐಪಿ ಫೋನ್ (ನೆಟ್‌ವರ್ಕ್ ಮೂಲಕ ಕೆಲಸ ಮಾಡುವ ಫೋನ್) ಇದೆಯೇ ಎಂದೂ ಕೇಳಬಹುದಿತ್ತು. ಅನೇಕ ಐಪಿ ಫೋನುಗಳ ಹಿಂಬದಿಯಲ್ಲಿ ಎರಡು ಪೋರ್ಟುಗಳಿದ್ದು ಒಳಗೆ ಸಣ್ಣ ಸ್ವಿಚ್ಚೇ ಇರುತ್ತದೆ, ಎರಡನೆಯ ಯಂತ್ರವನ್ನು ಅದಕ್ಕೇ ಚುಚ್ಚಬಹುದು. ಕಂಪ್ಯೂಟರಿನಲ್ಲಿ ಎರಡು ನೆಟ್‌ವರ್ಕ್ ಕಾರ್ಡುಗಳಿದ್ದರೆ ಅವೆರಡನ್ನೂ ಬ್ರಿಡ್ಜ್ ಮಾಡಿ, ಅಂದರೆ ಒಂದೇ ನೆಟ್‌ವರ್ಕಾಗಿ ಬೆಸೆದು, ಆ ಪ್ಯಾಚ್ ಕಾರ್ಡನ್ನು ಎರಡನೆಯ ಯಂತ್ರಕ್ಕೆ ಚುಚ್ಚಿದರೆ ಒಂದು ತಂತಿಯನ್ನೂ ಕತ್ತರಿಸದೆ ರಾತ್ರಿ ಕಳೆಯಬಹುದು, ಕಂಪ್ಯೂಟರ್ ಆಫ್ ಆಗಬಾರದು ಅಷ್ಟೇ. ಹಾಗೆ ಹೇಳಿದ ಹುಡುಗಿಯೊಬ್ಬಳಿಗೆ ಜೋಡಿಯ ಲೆಕ್ಕ ಪೂರ್ತಿ ಬಾರದಿದ್ದರೂ ನಾನು ಹೆಚ್ಚು ಅಂಕ ಕೊಟ್ಟಿದ್ದೆ.

ಜೋಡಿ ಹಂಚಿಯೇ ತೀರಬೇಕಾದರೆ, ಎರಡೂ ತುದಿಗೆ ಟೇಪ್ ಸುತ್ತಿ ಅದರ ಮೇಲೆ “ಒಂದೇ ಕೇಬಲ್, ಎರಡು ಸಂಪರ್ಕ, 100 ಮಾತ್ರ” ಎಂದು ಪೆನ್ನಿನಲ್ಲಿ ಬರೆದಿಡಿ. ಇಲ್ಲವಾದರೆ ಆರು ತಿಂಗಳ ನಂತರ ಹೊಸ ಗಿಗಾಬಿಟ್ ಕಂಪ್ಯೂಟರ್ ತಂದವನು ಅರ್ಧ ದಿನ ತಲೆ ಕೆಡಿಸಿಕೊಂಡು ನಿಮ್ಮನ್ನು ಬೈಯುತ್ತಾನೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ನಿನ್ನೆ ಭಾನುವಾರ ಮನೆಯಲ್ಲಿದ್ದ 8 ಮೀಟರ್ ಕೇಬಲ್ಲಿನ ಮೇಲೆ ಇದನ್ನು ಮಾಡಿ ನೋಡಿದೆ. ಚೂರು ತುರುಕುವ ಸಲಹೆಯನ್ನು ಉದಾಸೀನ ಮಾಡಿದ್ದರಿಂದ ಮೊದಲ ಕನೆಕ್ಟರಿನಲ್ಲೇ ಕಂದು ತಂತಿ 5ಕ್ಕೆ ಜಾರಿತು, ಕ್ರಿಂಪ್ ಆದ ಕನೆಕ್ಟರ್ ಮತ್ತೆ ಕೆಲಸಕ್ಕೆ ಬಾರದು. ಆಗಲೇ ಒಂದು ಮೀಟರ್ ಪ್ಯಾಚ್ ಕಾರ್ಡ್ ಏಕಿತ್ತು ಎಂಬುದು ಹೊಳೆಯಿತು. ಅದನ್ನು ನಡುವೆ ಕತ್ತರಿಸಿ, ಒಂದು ತುಂಡಿನ ಕಿತ್ತಳೆ ಜೋಡಿಗೆ ನೀಲಿಯನ್ನೂ ಹಸಿರು ಜೋಡಿಗೆ ಕಂದನ್ನೂ, ಬಿಳಿಗೆರೆಯದಕ್ಕೆ ಬಿಳಿಗೆರೆಯದನ್ನೇ ಹೊಂದಿಸಿ, ಪ್ರತಿ ತಂತಿಯನ್ನೂ ಬೇರೆ ಬೇರೆಯಾಗಿ ಹೊಸೆದು ಟೇಪ್ ಸುತ್ತಿದೆ. ಅದಕ್ಕೆ ಚುಚ್ಚಿದ ಪ್ರಿಂಟರ್ ಕೂಡಲೇ ಐಪಿ ವಿಳಾಸ ಪಡೆಯಿತು. ಹಳೆಯ ಕನೆಕ್ಟರಿಗೆ ಚುಚ್ಚಿದ ಲ್ಯಾಪ್‌ಟಾಪ್ ಮಾತ್ರ, ಎರಡನೆಯ ಉತ್ತರದಲ್ಲಿ ಹೇಳಿದಂತೆಯೇ, ಗಿಗಾಬಿಟ್ಟಿನ ಹಟ ಬಿಡದೆ ದೀಪ ಹೊತ್ತಿಸಿ ಆರಿಸಿ ಹತ್ತು ನಿಮಿಷ ಕಾಡಿತು. 100 ಎಂದು ಸೀಮಿತಗೊಳಿಸಿದ ಮೇಲೆ ಸುಮ್ಮನಾಯಿತು.